ಇಂಡಕ್ಷನ್ ಒಲೆ: ಗಾಜು ಒರೆಸಿದರೆ ಸಾಲದು, ಅಡಿಯನ್ನೂ ನೋಡಿ

ಇಂಡಕ್ಷನ್ ಒಲೆ ತಂದ ಕೂಡಲೇ ಯಾವ ಪಾತ್ರೆ ಆಗುತ್ತದೆ, ಯಾವುದು ಆಗಲ್ಲ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೂ ಮೊದಲು ಪ್ಲಗ್ ಪಾಯಿಂಟ್ ನೋಡಿ. 2000 ವಾಟ್‌ನ ಒಲೆ ಜೋರು ಉರಿಯಲ್ಲಿ ಸುಮಾರು 9 ಆಂಪ್ ಕರೆಂಟ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ ಸಣ್ಣ 6 ಆಂಪ್ ಪಾಯಿಂಟ್ ಇದನ್ನು ತಾಳುವುದಿಲ್ಲ. ಗೀಸರ್‌ಗೆ ಹಾಕುವಂಥ 16 ಆಂಪ್ ಪಾಯಿಂಟೇ ಬೇಕು, ಅರ್ಥಿಂಗ್ ಸರಿಯಿರಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. ಪ್ಲಗ್ ಹತ್ತಿರ ಸುಟ್ಟ ವಾಸನೆ ಬಂದರೆ ಮೇನ್ ಸ್ವಿಚ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕರೆಸಿ.

ಇನ್ನು ಪಾತ್ರೆ. ತಳಕ್ಕೆ ಆಯಸ್ಕಾಂತ ಗಟ್ಟಿಯಾಗಿ ಅಂಟಿದರೆ, ತಳ ಚಪ್ಪಟೆಯಾಗಿದ್ದರೆ ಸಾಕು. ಗಾಜಿನ ಕೆಳಗಿರುವ ತಾಮ್ರದ ಸುರುಳಿಯಿಂದ ಪಾತ್ರೆಯ ತಳವೇ ನೇರವಾಗಿ ಕಾಯುತ್ತದೆ. ಹಾಗಾಗಿ ಬಿಸಿ ಬಹಳ ಬೇಗ ಏರುತ್ತದೆ. ಒಗ್ಗರಣೆಗೆ ಕಡಿಮೆ ಉರಿಯಿಂದ ಶುರುಮಾಡಿ, ಎಣ್ಣೆ ಇಟ್ಟು ಆಚೆ ಹೋಗಬೇಡಿ. ಖಾಲಿ ಕಾವಲಿ ಇಟ್ಟು ಮರೆಯಬೇಡಿ. ಗಾಜಿನ ಮೇಲೆ ಚಮಚ, ಮುಚ್ಚಳ ಇಡುವ ಅಭ್ಯಾಸವೂ ಬೇಡ. ಪಾತ್ರೆ ಇಳಿಸಿದ ಮೇಲೂ ಅದರ ಶಾಖಕ್ಕೆ ಗಾಜು ಸುಡುತ್ತಿರುತ್ತದೆ, ಮಕ್ಕಳಿದ್ದರೆ ಜೋಪಾನ. ಪೇಸ್‌ಮೇಕರ್ ಹಾಕಿಸಿಕೊಂಡವರು ಡಾಕ್ಟರನ್ನು ಕೇಳಿಯೇ ಬಳಸಬೇಕು.

ಈಗ ಯಾರೂ ನೋಡದ ಜಾಗಕ್ಕೆ ಬರೋಣ. ಒಲೆಯನ್ನು ತಿರುಗಿಸಿ ನೋಡಿ, ಅಡಿಯಲ್ಲಿ ಜಾಲರಿ, ಅದರ ಹಿಂದೆ ಫ್ಯಾನ್ ಇರುತ್ತದೆ. ಒಳಗಿನ ಸರ್ಕ್ಯೂಟ್ ಬೋರ್ಡ್ ತಣ್ಣಗಿರುವುದು ಈ ಫ್ಯಾನ್‌ನಿಂದಲೇ. ಕಟ್ಟೆ ಗಲೀಜಾಗದಿರಲಿ ಎಂದು ಕೆಳಗೆ ಪೇಪರ್, ಪ್ಲಾಸ್ಟಿಕ್ ಶೀಟ್ ಹಾಸುತ್ತೇವೆ ಅಲ್ವಾ? ಫ್ಯಾನ್ ಗಾಳಿ ಎಳೆದಾಗ ಅದು ಜಾಲರಿಗೆ ಅಂಟಿ ಗಾಳಿಯನ್ನೇ ತಡೆಯುತ್ತದೆ. ಹಾಸಲೇಬೇಡಿ. ಗೋಡೆಯಿಂದ ಒಂದು ಗೇಣಾದರೂ ದೂರ ಇಡಿ. ಇಂಡಕ್ಷನ್ ಒಲೆಯನ್ನು ಗ್ಯಾಸ್ ಸ್ಟೌ ಮೇಲೆ ಇಡುವುದಂತೂ ಅಪಾಯ. ಅಡುಗೆ ಮುಗಿದ ತಕ್ಷಣ ಗೋಡೆಯ ಸ್ವಿಚ್ ಆರಿಸುವುದೂ ತಪ್ಪು. ಮೊದಲು ಒಲೆಯ ಬಟನ್ ಒತ್ತಿ ಆಫ್ ಮಾಡಿ, ಫ್ಯಾನ್ ನಿಂತ ಮೇಲೆ ಸ್ವಿಚ್ ಆರಿಸಿ.

ಜಿರಲೆಗೆ ಬೆಚ್ಚಗಿನ, ಕತ್ತಲೆಯ ಜಾಗ ಇಷ್ಟ. ಜಾಲರಿಯಿಂದ ಒಳಗೆ ಹೋಗಿ ಬೋರ್ಡ್ ಮೇಲೆ ಸತ್ತರೆ ಶಾರ್ಟ್ ಆಗಬಹುದು. ರಾತ್ರಿ ಒಲೆಯ ಸುತ್ತ ಅನ್ನದ ಅಗುಳು, ಎಣ್ಣೆ ಜಿಡ್ಡು ಉಳಿಸಬೇಡಿ. ವಾರಕ್ಕೊಮ್ಮೆ ಪ್ಲಗ್ ಕಿತ್ತು, ಒಣ ಬ್ರಷ್‌ನಿಂದ ಜಾಲರಿಯ ಧೂಳು ತೆಗೆಯಿರಿ. ಅಲ್ಲಿಗೆ ನೀರು ಸೋಕಿಸಬೇಡಿ.

ಗಾಜು ಒರೆಸುವುದು ಸುಲಭ. ಪ್ಲಗ್ ಕೀಳಿ, ಆರಲು ಬಿಡಿ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿ, ಹಿಂಡಿದ ಮೆತ್ತನೆ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ಉಕ್ಕಿದ ಹಾಲು ಸೀದು ಹಿಡಿದಿದ್ದರೆ ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಉಜ್ಜಿ. ಸ್ಟೀಲ್ ನಾರು ಬೇಡ, ಗೀರು ಬೀಳುತ್ತದೆ. ಬೆಲ್ಲದ ಪಾಕ ಚೆಲ್ಲಿದರೆ ಮಾತ್ರ ಪೂರ್ತಿ ಆರುವವರೆಗೆ ಕಾಯಬೇಡಿ, ಕಲ್ಲಿನಂತೆ ಕಚ್ಚಿಕೊಳ್ಳುತ್ತದೆ. ಒಲೆ ಆಫ್ ಮಾಡಿ, ಬೆಚ್ಚಗಿರುವಾಗಲೇ ಮರದ ಸಟ್ಟುಗದಿಂದ ಕೆರೆದು ತೆಗೆಯಿರಿ, ಕೈ ತಾಗದಂತೆ.

ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಆ ಒಲೆ ಬಳಸಬೇಡಿ. ಉಕ್ಕಿದ ನೀರು ಅದರಲ್ಲಿ ಇಳಿದರೆ ಶಾಕ್ ಹೊಡೆಯಬಹುದು. ಟೇಪ್, ಅಂಟು ಯಾವುದೂ ಇದಕ್ಕೆ ಆಗುವುದಿಲ್ಲ. ಸರ್ವಿಸ್ ಸೆಂಟರ್‌ನಲ್ಲಿ ಗಾಜನ್ನೇ ಬದಲಿಸಬೇಕು.