ಎತ್ತರದ ಹಿಮಕ್ಕೆ ಸ್ನೋಮೊಬೈಲ್: ಮೊದಲು ಕ್ಲಚ್ ಬಿಚ್ಚಿ

ಕೊಲೊರಾಡೊದ ರ್ಯಾಬಿಟ್ ಇಯರ್ಸ್ ಪಾಸ್ 9,426 ಅಡಿ ಎತ್ತರದಲ್ಲಿದೆ. ಪ್ರತಿ 1,000 ಅಡಿಗೆ ಎಂಜಿನ್ನಿನ ಶಕ್ತಿ ಸುಮಾರು ಶೇ. 3ರಷ್ಟು ಕುಗ್ಗುತ್ತದೆ. ಕೆಳಗೆ 150 ಹೆಚ್‌ಪಿ ಕೊಡುತ್ತಿದ್ದ ಸ್ನೋಮೊಬೈಲಿನ (ಹಿಮದ ಮೇಲೆ ಓಡುವ ಗಾಡಿಯ) ಟೂ-ಸ್ಟ್ರೋಕ್ ಎಂಜಿನ್ ಅಲ್ಲಿ 110ರ ಆಸುಪಾಸಿಗೆ ಇಳಿದಿರುತ್ತದೆ. ಪೈಪು, ಟರ್ಬೊ ಕಿಟ್ಟು ಅಂತ ದುಡ್ಡು ಸುರಿಯುವ ಮೊದಲು ನಾನು ಕ್ಲಚ್ ಸರಿಮಾಡುತ್ತೇನೆ. ಉಳಿದಿರುವ ಶಕ್ತಿಯಾದರೂ ಪೂರ್ತಿ ಟ್ರ್ಯಾಕಿಗೆ (ಗಾಡಿಯನ್ನು ಹಿಮದ ಮೇಲೆ ತಳ್ಳುವ ರಬ್ಬರ್ ಪಟ್ಟಿಗೆ) ಸಿಗಲಿ.

ಸ್ಕೂಟರಿನ ವೇರಿಯೇಟರ್ (ಬೆಲ್ಟ್ ಮೂಲಕ ತಾನೇ ಗೇರ್ ಹೊಂದಿಸುವ ಭಾಗ) ಬಿಚ್ಚಿದವರಿಗೆ ಇದು ಹೊಸದಲ್ಲ. ಅಲ್ಲಿ ರೋಲರ್ ಮಾಡುವ ಕೆಲಸವನ್ನು ಇಲ್ಲಿ ಎಂಜಿನ್ ಬದಿಯ ಪ್ರೈಮರಿ ಕ್ಲಚ್ಚಿನ, ತಿರುಗಿದಂತೆ ಹೊರಕ್ಕೆ ಚಿಮ್ಮಿ ಬೆಲ್ಟನ್ನು ಒತ್ತುವ ಫ್ಲೈವೇಟ್‌ಗಳು ಮಾಡುತ್ತವೆ. ಸೊರಗಿದ ಎಂಜಿನ್ನಿಗೆ ಹಳೇ ತೂಕವೇ ಇದ್ದರೆ ಬೆಲ್ಟ್ ಬೇಗ ಮೇಲೇರಿ ಆರ್‌ಪಿಎಂ ಬಿದ್ದುಹೋಗುತ್ತದೆ. ಮ್ಯಾನ್ಯುಯಲ್‌ನಲ್ಲಿ ಎತ್ತರಕ್ಕೆ ತಕ್ಕ ವೇಟ್ ಮತ್ತು ಸ್ಪ್ರಿಂಗ್‌ಗಳ ಚಾರ್ಟ್ ಇರುತ್ತದೆ, ಅಲ್ಲಿಂದಲೇ ಶುರುಮಾಡಿ. ಪ್ರತಿ ವೇಟಿನಿಂದ 1 ಗ್ರಾಂ ಇಳಿಸಿದರೆ ಅಂದಾಜು 100 ಆರ್‌ಪಿಎಂ ಏರುತ್ತದೆ, ಮಾಡೆಲ್ ನೋಡಿಕೊಂಡು ತುಸು ಹೆಚ್ಚು ಕಡಿಮೆ.

ವೇಟ್ ಬದಲಿಸುವಾಗ ಒಂದೊಂದಾಗಿಯೇ ಬಿಚ್ಚಿ, ಪಿನ್ ಬಂದ ದಿಕ್ಕಿನಲ್ಲೇ ವಾಪಸ್ ಹಾಕುತ್ತೇನೆ. ಎಲ್ಲವನ್ನೂ 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗುತ್ತೇನೆ. ತೂಕ ಹೊಂದದಿದ್ದರೆ ಕ್ಲಚ್ ನಡುಗುತ್ತದೆ. ಈ ಕ್ಲಚ್ಚಿನೊಳಗೆ ವೇಟ್ ಒತ್ತುವ ರೋಲರ್ ಒಂದು ಕಡೆ ಚಪ್ಪಟೆಯಾಗಿದ್ದರೆ, ವೇಟಿನ ಮುಖದಲ್ಲಿ ಕಚ್ಚು ಬಿದ್ದಿದ್ದರೆ ಎಷ್ಟು ಗ್ರಾಂ ಬದಲಿಸಿದರೂ ಆರ್‌ಪಿಎಂ ಒಂದೆಡೆ ನಿಲ್ಲುವುದಿಲ್ಲ. ಷೀವ್‌ಗಳಿಗೆ (ಬೆಲ್ಟನ್ನು ಹಿಡಿಯುವ ತಟ್ಟೆಗಳಿಗೆ) ಎಣ್ಣೆ, ಗ್ರೀಸ್ ಸೋಕಬಾರದು. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಲ್ಲಿ ಬೆಲ್ಟಿನ ಪುಡಿ ಒರೆಸಿದರೆ ಸಾಕು.

ಪರೀಕ್ಷೆ ಏರಿನಲ್ಲೇ ಆಗಬೇಕು. ಎಂಜಿನ್ ಬಿಸಿಯಾದ ಮೇಲೆ, ಯಾರೂ ತುಳಿಯದ ಹಿಮದಲ್ಲಿ ಫುಲ್ ಥ್ರಾಟಲ್ ಕೊಟ್ಟು ಆರ್‌ಪಿಎಂ ನೋಡುತ್ತೇನೆ. 800 ಸಿಸಿ ದರ್ಜೆಯ ಬಹಳಷ್ಟು ಗಾಡಿಗಳಿಗೆ ಗುರಿ 8,000 ದಾಟಿಯೇ ಇರುತ್ತದೆ. ಕಡಿಮೆ ಬಂದರೆ ವೇಟ್ ಹಗುರ ಮಾಡಿ, ಮೀರಿದರೆ ಭಾರ ಮಾಡಿ. ಟ್ರ್ಯಾಕ್ ಕಡೆಯ ಸೆಕೆಂಡರಿ ಕ್ಲಚ್ಚಿನ ಸ್ಪ್ರಿಂಗನ್ನು ಅದೇ ಹೊತ್ತಿಗೆ ಬದಲಿಸಬೇಡಿ. ಯಾವುದರಿಂದ ಏನಾಯಿತೆಂದೇ ತಿಳಿಯುವುದಿಲ್ಲ. ನಿಲ್ಲಿಸಿ, ಕೀ ತೆಗೆದು, ಷೀವ್ ಹತ್ತಿರ ಕೈ ಹಿಡಿದು ನೋಡಿ. ಹತ್ತಿರ ಹೋಗಲಾರದಷ್ಟು ಕಾದಿದ್ದರೆ ಬೆಲ್ಟ್ ಜಾರುತ್ತಿದೆ, ಇಲ್ಲವೇ ಎರಡು ಕ್ಲಚ್‌ಗಳ ಅಲೈನ್‌ಮೆಂಟ್ ತಪ್ಪಿದೆ.

ಬೆಲ್ಟಿನ ಒಂದೇ ಜಾಗ ಸವೆದು ಸೊಂಟದಂತೆ ಸಣ್ಣಗಾಗಿದ್ದರೆ ಕಾರಣ ಸ್ಪಷ್ಟ: ಟ್ರ್ಯಾಕ್ ನೆಲಕ್ಕೆ ಹೆಪ್ಪುಗಟ್ಟಿದ್ದಾಗ ಯಾರೋ ಥ್ರಾಟಲ್ ಒತ್ತಿದ್ದಾರೆ. ಬೆಳಿಗ್ಗೆ ಮೊದಲು ಗಾಡಿಯ ಹಿಂಭಾಗ ಎತ್ತಿ ಟ್ರ್ಯಾಕ್ ಬಿಡಿಸಿಕೊಳ್ಳಬೇಕು.

ಕಾರ್ಬ್ಯುರೇಟರ್ ಇರುವ ಹಳೇ ಗಾಡಿಯಾದರೆ ಜೆಟ್ (ಇಂಧನ ಹಾಯುವ ಸಣ್ಣ ತೂತಿನ ಭಾಗ) ಕೆಲಸವೂ ಇದೆ. ಮೇಲೆ ಗಾಳಿ ತೆಳುವಾದ್ದರಿಂದ ಮಿಶ್ರಣ ರಿಚ್ ಆಗುತ್ತದೆ (ಗಾಳಿಗೆ ಹೋಲಿಸಿದರೆ ಇಂಧನ ಹೆಚ್ಚು), ಸಣ್ಣ ಮೇನ್ ಜೆಟ್ ಬೇಕು. ಚಳಿ ಹೆಚ್ಚಿದರೆ ಗಾಳಿ ದಟ್ಟವಾಗುತ್ತದೆ, ಜೆಟ್ ದೊಡ್ಡದಾಗಬೇಕು. ಆದ್ದರಿಂದ ಎತ್ತರ, ಉಷ್ಣಾಂಶ ಎರಡನ್ನೂ ಸೇರಿಸಿ ಚಾರ್ಟ್ ನೋಡಬೇಕು. ಜೆಟ್ ಮುಟ್ಟುವ ಮುನ್ನ ಕಾರ್ಬ್ಯುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬೂಟನ್ನು ಬಗ್ಗಿಸಿ ನೋಡಿ. ಕೂದಲೆಳೆಯ ಬಿರುಕಿದ್ದರೂ ಆ ಸಿಲಿಂಡರ್ ಲೀನ್ ಆಗಿ (ಇಂಧನ ಸಾಲದಾಗಿ) ಪಿಸ್ಟನ್ ಸೀಜ್ ಆಗಬಹುದು. ಬೆಟ್ಟಕ್ಕೆ ಹಾಕಿದ ಸಣ್ಣ ಜೆಟ್ಟಿನಲ್ಲೇ ತಗ್ಗಿನ ಊರಿನಲ್ಲಿ ಓಡಿಸಿದರೂ ಅದೇ ಗತಿ. ಇಳಿದ ಮೇಲೆ ಜೆಟ್ ಬದಲಿಸದೆ ನಾನು ಗಾಡಿ ಸ್ಟಾರ್ಟ್ ಮಾಡುವುದಿಲ್ಲ.

ಫ್ಯುಯೆಲ್ ಇಂಜೆಕ್ಷನ್ ಗಾಡಿಯಲ್ಲಿ ಇಂಧನವನ್ನು ಕಂಪ್ಯೂಟರ್ ತಾನೇ ಹೊಂದಿಸುತ್ತದೆ. ಆದರೆ ಕಳೆದ ಶಕ್ತಿ ಅದರಿಂದ ಬರುವುದಿಲ್ಲ, ಹಾಗಾಗಿ ಕ್ಲಚ್ ಕೆಲಸ ಅದಕ್ಕೂ ತಪ್ಪಿದ್ದಲ್ಲ.

ಕೊನೆಯದಾಗಿ ಸ್ಕ್ರ್ಯಾಚರ್, ಅಂದರೆ ನೆಲದ ಹಿಮ ಗೀರಿ ಎಬ್ಬಿಸುವ ಲೋಹದ ಕಡ್ಡಿ. ಟ್ರ್ಯಾಕ್ ಎರಚುವ ಹಿಮವೇ ಟನಲ್ಲಿನ (ಟ್ರ್ಯಾಕಿನ ಮೇಲಿನ ಲೋಹದ ಹೊದಿಕೆಯ) ಕೂಲರನ್ನು, ಟ್ರ್ಯಾಕ್ ಜಾರುವ ಹೈಫ್ಯಾಕ್ಸ್ ಪ್ಲಾಸ್ಟಿಕ್ ಪಟ್ಟಿಯನ್ನು ತಂಪಾಗಿಡುತ್ತದೆ. ಗಟ್ಟಿಯಾದ ದಾರಿಯಲ್ಲಿ ಅದು ಎರಚುವುದಿಲ್ಲ. ಪಾರ್ಕಿಂಗ್‌ನಿಂದ ಪುಡಿಹಿಮ ಸಿಗುವವರೆಗೂ ಸ್ಕ್ರ್ಯಾಚರ್ ಇಳಿಸಿಕೊಂಡೇ ಹೋಗಿ. ರಿವರ್ಸ್ ಹಾಕುವ ಮೊದಲು ಎತ್ತಿಡಿ. ರಿವರ್ಸಿಗೂ ತಾಳುವಂತೆ ಮಾಡಿದ್ದಲ್ಲದಿದ್ದರೆ ಅದು ಬಾಗಿಹೋಗುತ್ತದೆ.