ಸವೆದ ಕಲ್ಲನ್ನು ಓದಿಸಿದ ಹದಿನೈದು ಡಾಲರ್ ಕನ್ನಡಿ

ಅಮೆರಿಕದ ಅಯೋವಾ ರಾಜ್ಯದ ಕಾನೂನಿನಲ್ಲಿ ‘ಪಯೊನಿಯರ್’, ಅಂದರೆ ಹಳೆಯ ವಲಸಿಗರ ಕಾಲದ ಸ್ಮಶಾನಕ್ಕೆ ಲೆಕ್ಕವೇ ಇದೆ: ಹಿಂದಿನ 50 ವರ್ಷಗಳಲ್ಲಿ ಅಲ್ಲಿ 12ಕ್ಕಿಂತ ಹೆಚ್ಚು ಮಂದಿಯನ್ನು ಹೂಳಿರಬಾರದು. ಅಂಥ ಒಂದು ಹಳ್ಳಿ ಸ್ಮಶಾನದ ಅಮೃತಶಿಲೆಯ ಗೋರಿಕಲ್ಲುಗಳನ್ನು ಕಂಡವರೆಲ್ಲ ‘ಇನ್ನು ಓದಲಾಗದು’ ಎಂದು ಕೈಚೆಲ್ಲಿದ್ದರು. ನೂರನಲವತ್ತರ ಆಸುಪಾಸು ಕಲ್ಲುಗಳಲ್ಲಿ ನೂರಿಪ್ಪತ್ತನ್ನು ಓದಿ ಮುಗಿಸಿದ್ದೇವೆ.

ಬಳಸಿದ್ದು ಬಾಗಿಲಿಗೆ ಹಾಕುವ ಉದ್ದ ಕನ್ನಡಿ, ಹದಿನೈದು ಡಾಲರಿನದು. ಒಬ್ಬರು ಕಲ್ಲಿಗೆ ಛತ್ರಿಯ ನೆರಳು ಹಿಡಿಯಬೇಕು, ಇನ್ನೊಬ್ಬರು ಪಕ್ಕದಿಂದ ಬಿಸಿಲನ್ನು ಕಲ್ಲಿನ ಮೈಗೆ ಸವರಿದಂತೆ ಹಾಯಿಸಬೇಕು. ಕೋನ ಹತ್ತು–ಹದಿನೈದು ಡಿಗ್ರಿ ದಾಟಿದರೆ ಅಕ್ಷರ ಮತ್ತೆ ಮಾಯ. ಉತ್ತರಕ್ಕೆ ಮುಖ ಮಾಡಿದ ಕಲ್ಲುಗಳಿಗೆ ಇದು ಬಿಟ್ಟು ಗತಿಯಿಲ್ಲ.

ಮೊದಲು ಕೆಟ್ಟದ್ದೂ ಉಂಟು. ಅಕ್ಷರ ಎದ್ದು ಕಾಣಲೆಂದು ಹಿಟ್ಟು ಬಳಿದ ಕಲ್ಲಿಗೆ ಬೂಷ್ಟು ಬಂತು. ಶೇವಿಂಗ್ ನೊರೆಯ ಆಮ್ಲ ಸುಣ್ಣದಂಶದ ಕಲ್ಲನ್ನು ತಿನ್ನುತ್ತದೆ. ಬ್ಲೀಚ್ ಇನ್ನೂ ಕೇಡು: ಅದರ ಉಪ್ಪು ಒಳಗೆ ಹರಳುಗಟ್ಟಿ ಮೈ ಉದುರಿಸುತ್ತದೆ. ಕೊನೆಗೆ ಕಲ್ಲಿನ ಪಾಚಿ, ಕಲೆ ತೆಗೆಯುವ ಡಿ/2 ದ್ರಾವಣಕ್ಕೆ ಬಂದೆವು. ಗ್ಯಾಲನ್‌ಗೆ ಐವತ್ತು ಡಾಲರ್ ಚಿಲ್ಲರೆ ಕೊಟ್ಟ ನೆನಪು. ಮೊದಲು ನೀರು, ಆಮೇಲೆ ದ್ರಾವಣ, ಹತ್ತು ನಿಮಿಷ ಬಿಟ್ಟು ಮೆತ್ತನೆ ನೈಲಾನ್ ಬ್ರಷ್, ಮತ್ತೆ ನೀರು. ಪೂರ್ತಿ ಬಿಳುಪಾಗಲು ವಾರಗಳು ಬೇಕು, ಆತುರಪಟ್ಟು ಮತ್ತೆ ಮತ್ತೆ ಉಜ್ಜಬೇಡಿ. ಬೆರಳಿಗೆ ಸಕ್ಕರೆಯಂತೆ ಪುಡಿ ಹತ್ತುವ ಕಲ್ಲನ್ನು ಮುಟ್ಟಲೇಬೇಡಿ.

ಕಲ್ಲು ಕಂಡರೂ ಅಂಕಿ ಮೋಸ ಮಾಡುತ್ತದೆ, 1 ಮತ್ತು 7 ಒಂದೇ ತರಹ. ಆಗ ಕೈಹಿಡಿಯುವುದು ಕಲ್ಲಿನ ಮೇಲೆ ಕೆತ್ತಿದ, ತೀರಿದಾಗಿನ ವಯಸ್ಸು. ಮಗು ತೀರಿದ್ದು ಮಾರ್ಚ್ 9, 1851ರಲ್ಲೋ 1857ರಲ್ಲೋ? ವಯಸ್ಸು 2 ವರ್ಷ 4 ತಿಂಗಳು 3 ದಿನ. ಕಳೆದರೆ ಹುಟ್ಟಿದ್ದು ನವೆಂಬರ್ 6, 1848 ಇಲ್ಲವೇ 1854. ಮೊದಲನೆಯದಾದರೆ 1850ರ ಜನಗಣತಿಯಲ್ಲಿ ಹೆಸರಿರಬೇಕು, ಎರಡನೆಯದಾದರೆ ಅಯೋವಾದ 1856ರ ಗಣತಿಯಲ್ಲಿ. ಅಯೋವಾದಲ್ಲಿ ಸಾವಿನ ನೋಂದಣಿ ಶುರುವಾದದ್ದೇ 1880ರಲ್ಲಿ, ಹಾಗಾಗಿ ಅದಕ್ಕೆ ಹಿಂದಿನವರಿಗೆ ಇದೇ ದಾರಿ. ಜೊತೆಗೆ 1930ರ ದಶಕದಲ್ಲಿ ಡಬ್ಲ್ಯುಪಿಎ ಎಂಬ ಸರ್ಕಾರಿ ಉದ್ಯೋಗ ಯೋಜನೆಯವರು ಮಾಡಿದ ಗೋರಿ ಪಟ್ಟಿ ಇಟ್ಟುಕೊಳ್ಳಿ. ನಾವು ಕಳಕೊಂಡ ಅಕ್ಷರಗಳನ್ನು ಆಗಿನವರು ಕಂಡಿದ್ದರು, ಆದರೆ ತಪ್ಪು ಕಾಗುಣಿತವೂ ಧಾರಾಳ.

‘ಅತಿ ಹಳೆಯ ಕಲ್ಲು’ ಎಂದು ಬೀಗುವ ಮುನ್ನ ಬೆರಳಲ್ಲಿ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅದು ಕಲ್ಲೇ ಅಲ್ಲ, ‘ವೈಟ್ ಬ್ರಾಂಜ್’ ಎಂದು ಮಾರಿದ ಸತು. ಅದು ಬಂದದ್ದೇ 1870ರ ದಶಕದಲ್ಲಿ. ಅದರ ಮೇಲೆ 1858 ಎಂದಿದ್ದರೆ ಮನೆಯವರು ವರ್ಷಗಳ ಮೇಲೆ ನಿಲ್ಲಿಸಿದ್ದು ಎಂದರ್ಥ.

ಬಿದ್ದು ಮಣ್ಣಲ್ಲಿ ಹುದುಗಿದ ಕಲ್ಲು ಹುಡುಕಲು ನಾಲ್ಕಡಿ ಉಕ್ಕಿನ ಸರಳು ಸಾಕು, ಮಳೆಯ ಮರುದಿನ ಸಲೀಸು. ಮೆಲ್ಲಗೆ ಇಳಿಸಿ, ಗುದ್ದಿದರೆ ಕಲ್ಲಿಗೆ ಗಾಯ. ಎತ್ತಿ ನಿಲ್ಲಿಸುವಾಗ ಸಿಮೆಂಟ್ ಬೇಡ, ಜಲ್ಲಿ ಮತ್ತು ಮರಳು ತುಂಬಿ. ಸಿಮೆಂಟ್ ಅಮೃತಶಿಲೆಗಿಂತ ಗಟ್ಟಿ, ಹಾಗಾಗಿ ಮುಂದಿನ ಸಲ ಬಿರುಕು ಬಿಡುವುದು ಸಿಮೆಂಟ್ ಅಲ್ಲ, ಕಲ್ಲು.