ಡೊಡೋಮಾ ಸಂತೆಯಲ್ಲಿ ಸಿಕ್ಕ ಕೊಸರು

ಮೊನ್ನೆ ಭಾನುವಾರ ನಮ್ಮ ಮನೆಯವರು ಚರ್ಚಿನಲ್ಲಿ ದುಭಾಷಿ ಇಲ್ಲದೆ ಪೂರ್ತಿ ಇಲ್ಲಿಯ ಭಾಷೆ ಸ್ವಾಹಿಲಿಯಲ್ಲೇ ಪ್ರಸಂಗ ಮಾಡಿದರು. ಇಪ್ಪತ್ತು ನಿಮಿಷ. ಯಾರೂ ತೂಕಡಿಸಲಿಲ್ಲ. ಅದಕ್ಕೇ ನಾವು ಸಂತೆಯಲ್ಲಿ ಭಾಷೆ ಕಲಿತ ಕಥೆಯನ್ನು ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾವು ಧಾರವಾಡದ ಕಡೆಯವರು. ಟಾಂಜಾನಿಯಾದ ಡೊಡೋಮಾಕ್ಕೆ ಬಂದು ವರ್ಷದ ಮೇಲಾಯಿತು. ಮೊದಲ ಮೂರು ತಿಂಗಳು ಎಲ್ಲರ ಹಾಗೆ ನಾವೂ ಮನೆಗೆ ಮೇಷ್ಟ್ರನ್ನು ಕರೆಸಿದೆವು. ಗಂಟೆಗೆ 10,000 ಶಿಲ್ಲಿಂಗ್, ವಾರಕ್ಕೆ ಮೂರು ಗಂಟೆ. ಒಟ್ಟು ಮೂರೂವರೆ ಲಕ್ಷದ ಹತ್ತಿರ ಹೋಯಿತು. ನಮ್ಮ ದುಡ್ಡಲ್ಲಿ ಹನ್ನೊಂದು, ಹನ್ನೆರಡು ಸಾವಿರ ರೂಪಾಯಿ. ನೋಟ್‌ಬುಕ್ ತುಂಬಿತು. ಪಕ್ಕದ ಮನೆಯಲ್ಲಿ ಉಪ್ಪು ಕೇಳೋಕೆ ಮಾತ್ರ ಬಾಯಿ ಬರುತ್ತಿರಲಿಲ್ಲ.

ಒಂದು ಮನೆಯ ಪ್ರಾರ್ಥನೆಗೆ 'ಸಾ ನಾನೆ' ಅಂದಿದ್ದರು. ಎಂಟು ಗಂಟೆ ತಾನೇ ಅಂತ ಬೆಳಿಗ್ಗೆ ಎಂಟಕ್ಕೇ ಹೋದೆವು. ಇಲ್ಲಿ ಬೆಳಿಗ್ಗೆ ಏಳಕ್ಕೆ 'ಸಾ ಮೋಜಾ', ಅಂದರೆ ಒಂದು ಗಂಟೆ. ಅವರ ಎಂಟು ಅಂದರೆ ಮಧ್ಯಾಹ್ನ ಎರಡು! ಹೊಲಕ್ಕೆ ಹೊರಟಿದ್ದ ಮನೆಯಾಕೆ ಗುದ್ದಲಿ ಇಳಿಸಿ ನಮಗೆ ಗಂಜಿ ಕಾಯಿಸಿಕೊಟ್ಟರು. ಆರು ಗಂಟೆ ಕೂತೆವು.

ಅಂದೇ ಮೇಷ್ಟ್ರನ್ನು ಬಿಡಿಸಿದೆ. ದಿನಾ ಮಜೆಂಗೋ ಮಾರ್ಕೆಟ್ಟಿಗೆ ಹೋಗುತ್ತೇನೆ, ಅದೇ ನನ್ನ ಶಾಲೆ ಅಂದೆ. ಇಲ್ಲೇ ಬಹಳ ವರ್ಷ ಇದ್ದ ಒಬ್ಬ ಹಿರಿಯರು ನಕ್ಕರು. "ಟೊಮೆಟೊ ಭಾಷೆ ಬರುತ್ತಮ್ಮ, ದೇವರ ವಾಕ್ಯದ ಭಾಷೆ ಬರಲ್ಲ" ಅಂದರು.

ಅದಕ್ಕೆ ಮೊದಲು ನಾವು ತಿಂಗಳ ಸಾಮಾನು ಒಟ್ಟಿಗೇ ತರುತ್ತಿದ್ದೆವು. 50 ಕೆಜಿ ಅಕ್ಕಿಯಲ್ಲಿ ಅರ್ಧ ಹುಳಕ್ಕೆ ಹೋಗಿತ್ತು. ಈಗ ದಿನಕ್ಕೆ 2,000 ಶಿಲ್ಲಿಂಗ್ ಮಾತ್ರ ಕೈಯಲ್ಲಿ. ಒಂದು ಗುಡ್ಡೆ ಟೊಮೆಟೊ, ಒಂದು ಕಟ್ಟು ಸೊಪ್ಪು, ಒಂದು ಸಣ್ಣ ಅಳತೆ ಎಣ್ಣೆ. ಚಿಲ್ಲರೆಯಲ್ಲಿ ಕೊಂಡರೆ ಎಣ್ಣೆ ಜಾಸ್ತಿ ಬೀಳುತ್ತದೆ, ಸುಳ್ಳು ಹೇಳಲ್ಲ. ಆದರೆ ಮೇಷ್ಟ್ರ ಫೀಸು ಉಳಿಯಿತಲ್ವಾ? ದಿನಾ ಅದೇ ಅಂಗಡಿ, ದಿನಾ ಒಂದು ಹೊಸ ಮಾತು. ಸಂಜೆ ಅದನ್ನೇ ಇವರಿಗೆ ಒಪ್ಪಿಸುವುದು. ಸಾಲ ಕೇಳಿದವರಿಗೆ ಮನಸ್ಸು ನೋಯದಂತೆ ಇಲ್ಲ ಅನ್ನುವ ಒಂದು ಮಾತನ್ನೂ ಅಲ್ಲೇ ಕಲಿತೆ. ಅದು ನನ್ನ ಹತ್ತಿರವೇ ಇರಲಿ.

ಸೊಪ್ಪು ಮಾರುವ ಅಜ್ಜಿ ಮೊದಲ ತಿಂಗಳು ನನ್ನ ಮುಖ ನೋಡುತ್ತಿರಲಿಲ್ಲ. ಯಾಕೆ ಅಂತ ಗೊತ್ತಾಗಲು ನಾಲ್ಕು ವಾರ ಬೇಕಾಯಿತು. ನಾನು ಅವರಿಗೆ ಹಿರಿಯರಿಗೆ ಹೇಳುವ ನಮಸ್ಕಾರ 'ಶಿಕಮೋ' ಅನ್ನದೆ, ಓರಗೆಯವರಿಗೆ ಅನ್ನುವ ಹಾಗೆ ಸುಮ್ನೆ 'ಹಬಾರಿ' ಅನ್ನುತ್ತಿದ್ದೆ! ಸರಿಮಾಡಿಕೊಂಡ ಮೇಲೂ ಎರಡು ವಾರ ಬಿಗಿಯಾಗೇ ಇದ್ದರು. ಆಮೇಲೊಂದು ದಿನ ಕೇಳದೇ ಒಂದು ಹಿಡಿ ಸೊಪ್ಪು ಮೇಲೆ ಹಾಕಿ "ನ್ಯೊಂಗೇಜಾ" ಅಂದರು. ನಮ್ಮ ಕೊಸರು! ಮನೆಗೆ ಬರುವವರೆಗೂ ಕುಣಿಯುತ್ತಲೇ ಬಂದೆ.

ಇಲ್ಲಿ ಜೋಳ, ಸಜ್ಜೆ, ಶೇಂಗಾ ಎಲ್ಲಾ ಬೆಳೆಯುತ್ತವೆ. ನಮ್ಮೂರೇ ಅನ್ನಿ. ಇದ್ದಿಲ ಒಲೆ ಮೇಲೆ ಜೋಳದ ರೊಟ್ಟಿ ಬಡಿದು ನೋಡಿದೆ. ಮೊದಲ ಹತ್ತು ಹನ್ನೆರಡು ಸೀಳಿದವು. ಆಮೇಲೆ ಬಂತು. ಹಿಟ್ಟಿಗೆ ಏನು ಮಾಡಿದೆ ಅಂತ ಮಾತ್ರ ಹೇಳೋದಿಲ್ಲ. ಇಲ್ಲಿಯ ಗೋಗೋ ಜನರ ಮ್ಲೆಂಡಾ, ಅದೇ ಲೋಳೆ ಸೊಪ್ಪು, ನನಗೆ ಒಗ್ಗಿತು. ಬೆಂಡೆಕಾಯಿ ತಿಂದವರಿಗೆ ಏನು ಕಷ್ಟ? ಇವರು ಇನ್ನೂ ಕಣ್ಣು ಮುಚ್ಚಿ ನುಂಗುತ್ತಾರೆ.

ಇವರದೇ ಇನ್ನೊಂದು ಕಥೆ. ಆರಾಧನೆ ಮುಗಿದ ಮೇಲೆ ಕಾಣಿಕೆಯ ಕೋಳಿ, ಮೊಟ್ಟೆ ಹರಾಜು ಹಾಕುತ್ತಾರಲ್ಲ, ಅಲ್ಲಿ ಇವರು ಯಾರಿಗೋ ಕೈ ಬೀಸಿದರು. ಕೋಳಿ 25,000 ಶಿಲ್ಲಿಂಗಿಗೆ ನಮ್ಮದಾಯಿತು. ಎಂಟುನೂರು ರೂಪಾಯಿ ಮೇಲೆ! ಒಂದು ಮೊಟ್ಟೆಯನ್ನೂ ಇಡಲಿಲ್ಲ ಅದು.

ಆ ಹಿರಿಯರು ಈಗ ಹೊಸಬರನ್ನು ನನ್ನ ಹತ್ತಿರವೇ ಕಳಿಸುತ್ತಾರೆ. ಹೋದ ವಾರ ಒಂದು ಜೋಡಿಗೆ "ನಾಳೆ ಸಾ ಮೋಜಾಕ್ಕೆ ಬನ್ನಿ, ಮಾರ್ಕೆಟ್ಟಿಗೆ ಹೋಗೋಣ" ಅಂದಿದ್ದೆ. ಏಳಕ್ಕೆ ಕಾದೆ, ಎಂಟಕ್ಕೆ ಕಾದೆ. ಮಧ್ಯಾಹ್ನ ಒಂದಕ್ಕೆ, ಉರಿಬಿಸಿಲಲ್ಲಿ, ಚೀಲ ಹಿಡಿದು ಬಂದು ನಿಂತರು. ಅಜ್ಜಿ ಆಗಲೇ ಸೊಪ್ಪು ಮುಗಿಸಿ ಎದ್ದುಹೋಗಿರುವ ಹೊತ್ತು. ಒಳಗೆ ಕರೆದು ಗಂಜಿ ಕೊಟ್ಟೆ.